ಹೆಸರು ಹಿಡಿದು ಬೇಡುತ್ತಿದ್ದ ಆಯಿ

ಪ್ರಾರ್ಥನೆ ಮಾಡುವಾಗ ಆಯಿ ದೇವರಿಗೆ ಪೂರ್ತಿ ವಿಳಾಸ ಹೇಳುತ್ತಿದ್ದರು. ಜ್ವರ ಬಂದ ಹುಡುಗಿಯೊಬ್ಬಳಿಗಾಗಿ ಬೇಡಬೇಕಾದರೆ ಅವಳ ಹೆಸರು, ಅವಳಪ್ಪನ ಹೆಸರು, ಅವನು ಗಿರಣಿಯ ಯಾವ ಖಾತೆಯಲ್ಲಿ ದುಡಿಯುತ್ತಾನೆ, ಮನೆ ಚಾಳದ ಎಷ್ಟನೇ ಸಾಲಿನಲ್ಲಿದೆ, ನಳದಿಂದ ಎಡಕ್ಕೋ ಬಲಕ್ಕೋ, ಎಲ್ಲವೂ ಬರುತ್ತಿತ್ತು. ನಾವು ಮಕ್ಕಳು ಕಣ್ಣು ಮುಚ್ಚಿಕೊಂಡೇ ನಗು ತಡೆಯುತ್ತಿದ್ದೆವು. ಒಮ್ಮೆ ನಾನು ಕೇಳಿಯೇ ಬಿಟ್ಟೆ.

"ಆಯಿ, ದೇವರಿಗೆ ಎಲ್ಲಾ ಗೊತ್ತೈತಿ ಅಂತೀರಿ. ಮತ್ತ ಮನಿ ಗುರ್ತಾ ಯಾಕ ಹೇಳತೀರಿ?"

"ಆತಗ ಗೊತ್ತಿರತೈತಿ ಯವ್ವಾ. ನನಗ ನೆನಪಾಗಬೇಕಲ್ಲ? ಬರೇ 'ರೋಗಿಗಳನ್ನ ಕಾಪಾಡು' ಅಂದ್ರ ಅದು ಯಾರ ಮನೀಗೂ ಮುಟ್ಟೂದಿಲ್ಲ."

ಹೀಗೆ ಹೆಸರಿಗೆ ಅಷ್ಟು ಬೆಲೆ ಕೊಟ್ಟ ಹೆಂಗಸಿನ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಬರೆಯುವ ಯೋಗ್ಯತೆ ನನಗಿಲ್ಲ ಎನ್ನುವುದು ಮುಂದೆ ನಿಮಗೇ ತಿಳಿಯುತ್ತದೆ. ಗೋಕಾಕ ಫಾಲ್ಸಿನ ಗಿರಣಿ ಚಾಳದಲ್ಲಿ ಎಲ್ಲರಿಗೂ ಅವರು ಆಯಿ. ಗೋಕಾಕದ ಒಂದು ದವಾಖಾನೆಯಲ್ಲಿ ಆಯಾ ಆಗಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಗಂಡ ಬೇಗ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಎತ್ತರದ ಆಳು. ಸೆರಗಿಗೆ ಸದಾ ಫಿನಾಯಿಲಿನ ವಾಸನೆ. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರೆ ಆ ಅಂಗೈಯ ಭಾರಕ್ಕೆ ಕುತ್ತಿಗೆ ನೋಯುತ್ತಿತ್ತು.

ನಿವೃತ್ತರಾದ ಮೇಲೂ ವಾರಕ್ಕೆರಡು ದಿನ ಬಸ್ಸು ಹತ್ತಿ ವಾರ್ಡಿಗೆ ಹೋಗುತ್ತಿದ್ದರು. ಕೀಲಿ ಗೊಂಚಲಿಗೆ ಒಂದು ನೇಲ್ ಕಟರ್ ಕಟ್ಟಿಕೊಂಡಿದ್ದರು. ನೋಡಲು ಯಾರೂ ಬಾರದ ರೋಗಿಗಳ ಬಳಿ ಕುಳಿತು ಕೈಕಾಲಿನ ಉಗುರು ಕತ್ತರಿಸುವುದು ಅವರ ಕೆಲಸ. ಯಾರೂ ಒಪ್ಪಿಸಿದ್ದಲ್ಲ, ತಾವೇ ಹಚ್ಚಿಕೊಂಡದ್ದು. ರಜೆಯಲ್ಲಿ ಒಮ್ಮೆ ನನ್ನನ್ನೂ ಕರೆದೊಯ್ದಿದ್ದರು. ಕೊರಳಲ್ಲಿ ಲಿಂಗ ಕಟ್ಟಿದ್ದ ಮುದುಕನೊಬ್ಬ ಬಿಳಿ ಸೀರೆಯಿಂದಲೇ ಇವರು ಕ್ರೈಸ್ತರೆಂದು ಗುರುತಿಸಿ ಕಾಲು ಎಳೆದುಕೊಂಡ. "ನೀವು ಮಂದೀನ ಜಾತಿ ಬಿಡಸಾಕ ಬರ್ತೀರಂತ" ಎಂದ.

"ಅಜ್ಜಾರ, ನಿಮ್ಮ ಲಿಂಗಾ ನಿಮ್ಮ ಕೊರಳಾಗ ಇರಲಿ. ನನಗ ನಿಮ್ಮ ಉಗುರಷ್ಟ ಬೇಕು" ಎಂದು ಆಯಿ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡರು. ಮುದುಕ ನಗುತ್ತ ಸುಮ್ಮನಾದ. ಎಂಟು ದಿನದ ಮೇಲೆ ಅವನು ಸತ್ತ ಸುದ್ದಿ ಬಂತು. ಆಯಿ ಅಂದದ್ದು ಇಷ್ಟೇ: "ದೂರ ಹೊಂಟವರು ಸ್ವಚ್ಛ ಹೋಗಬೇಕಲ್ಲ."

ಅವರನ್ನು ದೇವತೆ ಮಾಡಲು ನಾನು ಕುಳಿತಿಲ್ಲ. ಅಧಿಕಾರ ನಡೆಸುವ ಹೆಂಗಸು. ಪಾಸ್ಟರು ಪ್ರಾರ್ಥಿಸುವಾಗ ಹೆಸರು ತಪ್ಪಿದರೆ ನಡುವೆಯೇ ಕೆಮ್ಮಿ ತಿದ್ದುತ್ತಿದ್ದರು. ಪಕ್ಕದ ಮನೆಯ ಸಾರಿಗೆ ಉಪ್ಪು ಹೆಚ್ಚಾಗಿದ್ದರೂ ಅದು ಅವರ ವ್ಯವಹಾರವೇ. ಈ ಎಲ್ಲವನ್ನೂ ತಡೆದುಕೊಳ್ಳುತ್ತಿದ್ದವಳು ನನ್ನ ಅವ್ವ ಒಬ್ಬಳೇ. ನಲವತ್ತು ವರ್ಷ ಇಬ್ಬರೂ ಒಂದೇ ನಳಕ್ಕೆ ಪಾಳಿ ಹಚ್ಚಿದವರು. ಅವ್ವ ಅವರನ್ನು 'ಅಕ್ಕಾ, ನೀ' ಎಂದು ಏಕವಚನದಲ್ಲೇ ಕರೆಯುತ್ತಿದ್ದಳು. ಚಾಳದಲ್ಲಿ ಬೇರೆ ಯಾರಿಗೂ ಆ ಸಲಿಗೆ ಇರಲಿಲ್ಲ.

ನಮ್ಮದು ಸಣ್ಣ ಸಭೆ, ನಲವತ್ತು ಮನೆ. ಪ್ರತಿ ಶುಕ್ರವಾರ ಸಂಜೆ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆ. ಹಾಡು ಮುಗಿದ ಮೇಲೆ ಪಾಸ್ಟರು "ಪ್ರಾರ್ಥನೆಯ ವಿಷಯಗಳೇನಾದರೂ ಇವೆಯೇ?" ಎಂದು ಕೇಳುವುದು ರೂಢಿ. ಒಬ್ಬರ ಮಗನ ಪರೀಕ್ಷೆ, ಒಬ್ಬರ ಸೊಂಟನೋವು, ಒಬ್ಬರ ಗಂಡನ ಕುಡಿತ. ಹೊರಗೆ ಆಡಿದರೆ ಚಾಡಿ ಎನಿಸಿಕೊಳ್ಳುವ ಮಾತು ಇಲ್ಲಿ ಪ್ರಾರ್ಥನೆಯ ವಿಷಯವಾಗುತ್ತದೆ. ಇದು ನಮ್ಮ ಮಂದಿಯ ದೊಡ್ಡ ಅನುಕೂಲ. ಪರರ ಗುಟ್ಟನ್ನು ದೇವರ ಹೆಸರಿನಲ್ಲಿ ಇಳಿಸಿ ಬಂದರೆ ಪಾಪ ತಟ್ಟುವುದಿಲ್ಲ ಎಂದುಕೊಂಡಿದ್ದೇವೆ. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಹದಿನಾಲ್ಕು ವರ್ಷದ ಹಿಂದಿನ ಮಾತು. ನನ್ನ ಅಣ್ಣ ವಸಂತ ಸಂಕೇಶ್ವರದಿಂದ ಕೊಲ್ಹಾಪುರ, ಮುಂಬೈ ಕಡೆ ಸಕ್ಕರೆ ಲಾರಿ ಓಡಿಸುತ್ತಿದ್ದ. ಆ ವರ್ಷ ಜ್ವರ ಬಿಡದೆ ಸೊರಗಿದ್ದ. ಒಂದು ಮಧ್ಯಾಹ್ನ ಅವ್ವ ಮತ್ತು ಅತ್ತಿಗೆ ಸಂತೆಗೆ ಹೋದಾಗ ಅಡುಗೆಮನೆಗೆ ಬಂದು ನನ್ನ ಕೈಗೆ ಗೋಕಾಕದ ಅದೇ ದವಾಖಾನೆಯ ಕಾಗದ ಕೊಟ್ಟ. ಏಡ್ಸ್ ರೋಗದ ಸೋಂಕು. ಆಗ ಊರೂರಲ್ಲಿ ಗೋಡೆಯ ಮೇಲೆ ಅದರ ಹೆಸರು ಬರೆದಿರುತ್ತಿದ್ದರು. ಬಾಯಿಬಿಟ್ಟು ಮಾತ್ರ ಯಾರೂ ಹೇಳುತ್ತಿರಲಿಲ್ಲ.

"ಎಂಟ ದಿನಾ ಕೊಡು ನನಗ" ಎಂದ. "ಲಾರಿ ಮಾಲಕಗ ಗಾಡಿ ಒಪ್ಪಿಸಿ ಬರ್ತೇನಿ. ಬಂದು ನಿಮ್ಮ ವೈನಿಗೆ ನಾನ ಹೇಳತೇನಿ. ಆಕಿದೂ ಕೂಸಿಂದೂ ರಕ್ತ ತಪಾಸ ಮಾಡಸ್ತೇನಿ. ಗುಳಿಗಿ ಅದಾವಂತ, ದಿನಾ ನುಂಗಿದ್ರ ಬದಕಬಹುದಂತ. ಆಕಿ ನನ್ನ ಬಾಯಿಂದ ಕೇಳಬೇಕು. ಬ್ಯಾರೆಯವರಿಂದ ಕೇಳಿದ್ರ ನನ್ನ ಸಂಸಾರ ಮುಗೀತು."

ನಾನು ಆಣೆ ಮಾಡಿದೆ. ಎರಡು ದಿನ ಗಂಟಲಲ್ಲಿ ಅನ್ನ ಇಳಿಯಲಿಲ್ಲ. ಮೂರನೇ ದಿನ ಆಯಿಯ ಮನೆಗೆ ಹೋಗಿ ಅಳುತ್ತ ಎಲ್ಲವನ್ನೂ ಹೇಳಿ "ಪ್ರಾರ್ಥನಿ ಮಾಡ್ರಿ" ಎಂದೆ. ಎಲ್ಲವನ್ನೂ ಎಂದೆನಲ್ಲ, ಅದು ಸುಳ್ಳು. ಎಂಟು ದಿನದ ಮಾತನ್ನು ಹೇಳಲಿಲ್ಲ. ಅತ್ತಿಗೆಗೆ ಗೊತ್ತಿಲ್ಲ, ಅವ್ವಗೆ ಗೊತ್ತಿಲ್ಲ ಎನ್ನುವುದನ್ನು ಹೇಳಲಿಲ್ಲ. ಯಾರಿಗೂ ಹೇಳಬೇಡಿ ಎಂದೂ ಅನ್ನಲಿಲ್ಲ. ನನ್ನ ಎದೆಯ ಭಾರ ಇಳಿದರೆ ಸಾಕಾಗಿತ್ತು, ಇಳಿಯಿತು. ಅಂದು ಮನೆಗೆ ಬಂದು ಹೊಟ್ಟೆ ತುಂಬ ಉಂಡೆ.

ಮರುದಿನ ಶುಕ್ರವಾರ. ಪ್ರಾರ್ಥನೆಯ ಸರದಿ ನಮ್ಮ ಮನೆಯದೇ ಇತ್ತು. ಅಣ್ಣ ಸಂಕೇಶ್ವರಕ್ಕೆ ಹೋಗಿದ್ದ. ಅವ್ವ ಚಹಾಕ್ಕೆ ಇಟ್ಟಿದ್ದಳು. ಅತ್ತಿಗೆ ಆರು ವರ್ಷದ ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಬಾಗಿಲ ಬಳಿ ಕುಳಿತಿದ್ದಳು. ಮೂವತ್ತು ಜನ. ಪಾಸ್ಟರು ಆಯಿಗೆ ಪ್ರಾರ್ಥಿಸಲು ಹೇಳಿದರು. ಮನೆಯ ಮಗಳೇ ಬಂದು ಹೇಳಿಕೊಂಡಿದ್ದಾಳೆ, ಆ ಮನೆಯಲ್ಲೇ ಪ್ರಾರ್ಥನೆ ನಡೆದಿದೆ. ಅವರಿಗೆ ಅನುಮಾನ ಬರಲು ಕಾರಣವೇ ಇರಲಿಲ್ಲ.

"ಕರ್ತನೇ, ನಿನ್ನ ಮಗ ವಸಂತ. ಗಿರಣಿ ಚಾಳ, ಎರಡನೇ ಸಾಲು, ನಾವು ಈಗ ಕುಂತಿರೋ ಈ ಮನಿ. ಲಾರಿ ದಾರ್ಯಾಗ ಆತಗ ಹತ್ತಿದ ಏಡ್ಸ್ ಬ್ಯಾನಿ ನಿನಗ ಗೊತ್ತೈತಿ. ಆತನ ಮ್ಯಾಲೆ ನಿನ್ನ ಕೈ ಇರಲಿ. ಈ ಹೆಂಡತಿ ರಕ್ತ, ಈ ಕೂಸಿನ ರಕ್ತ ಸ್ವಚ್ಛ ಇರಲಿ."

ನಾನು ಕಣ್ಣು ಮುಚ್ಚಿಯೇ ಇದ್ದೆ. ತೆರೆಯುವ ಧೈರ್ಯವಾಗಲಿಲ್ಲ. ಪ್ರಾರ್ಥನೆ ಮುಗಿದಾಗ ಎಲ್ಲರೂ ಸೇರಿ ಆಮೆನ್ ಅನ್ನಬೇಕು. ಅಂದು ಯಾರೂ ಅನ್ನಲಿಲ್ಲ. ಅಭ್ಯಾಸಬಲದಿಂದ ಅಣ್ಣನ ಮಗಳೊಬ್ಬಳೇ ಜೋರಾಗಿ ಆಮೆನ್ ಅಂದಳು.

ಶನಿವಾರ ಹುಕ್ಕೇರಿ ಕಡೆಯಿಂದ ಅತ್ತಿಗೆಯ ಅಣ್ಣತಮ್ಮಂದಿರು ಜೀಪು ತಂದರು. ಬಟ್ಟೆಬರೆ, ಹುಡುಗಿಯ ಪಾಟಿಚೀಲ ಎಲ್ಲ ತುಂಬಿಕೊಂಡು ಹೋದರು. ಅವರಿಬ್ಬರ ರಕ್ತದಲ್ಲಿ ಏನೂ ಇರಲಿಲ್ಲ ಎಂಬ ಸುದ್ದಿ ತಿಂಗಳ ಮೇಲೆ ಫೋನಿನಲ್ಲಿ ಬಂತು. ಅಷ್ಟೇ ಬಂತು. ಅವರು ಬರಲಿಲ್ಲ.

ಅಣ್ಣ ಭಾನುವಾರ ಬಂದ. ಅವನು ಬಂದದ್ದು ಕೇಳಿ ಆಯಿಯೂ ಬಂದರು. ಅಷ್ಟು ಹೊತ್ತಿಗೆ ತಾವು ಮಾಡಿದ್ದೇನು ಎನ್ನುವುದು ಅವರಿಗೆ ತಿಳಿದಿತ್ತು. ಅಣ್ಣ ಹೊಸ್ತಿಲಲ್ಲೇ ತಡೆದು ನಿಂತ. ನಾನು ಒಳಗೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಅಲ್ಲಿಂದ ಬಾಗಿಲು ಕಾಣುತ್ತಿತ್ತು.

"ದವಾಖಾನ್ಯಾಗ ನನ್ನ ಕಾಗದಾ ನೋಡಿ ಬಂದು ಊರಿಗೆಲ್ಲಾ ಡಂಗುರಾ ಸಾರಿದ್ರಿ. ಹೌದೋ ಅಲ್ಲೋ?" ಎಂದ.

ಆಯಿ ಅವನ ಹೆಗಲ ಮೇಲಿಂದ ನನ್ನನ್ನು ನೋಡಿದರು. ಒಂದೇ ಸಲ. ನಾನು ಬಾಯಿ ತೆರೆಯಬೇಕಾದ ಹೊತ್ತು ಅದು. ರೊಟ್ಟಿ ಬಡಿಯುವ ಕೈ ನಿಂತಿತ್ತು, ಅಷ್ಟೇ ನೆನಪು.

"ತಪ್ಪಾತಪಾ" ಎಂದರು ಆಯಿ. "ನನ್ನ ಬಾಯಿಂದ ತಪ್ಪಾತು."

ನಾನು ಮತ್ತೆ ರೊಟ್ಟಿ ಬಡಿಯತೊಡಗಿದೆ.

ದವಾಖಾನೆಯ ಕಾಗದ ಕದ್ದು ನೋಡಿದರು ಎಂಬ ಸುದ್ದಿ ಗೋಕಾಕದವರೆಗೂ ಹೋಯಿತು. ಇನ್ನು ಮುಂದೆ ವಾರ್ಡಿಗೆ ಬರಬೇಡಿ ಎಂದು ಅಲ್ಲಿಯವರು ಹೇಳಿ ಕಳಿಸಿದರು. ಆಯಿ ಅದಕ್ಕೂ ಎದುರಾಡಲಿಲ್ಲ. ಕೀಲಿ ಗೊಂಚಲಲ್ಲಿ ನೇಲ್ ಕಟರ್ ತೂಗುತ್ತಲೇ ಇತ್ತು. ಅದರಿಂದ ಬೇರೆಯವರ ಉಗುರು ಕತ್ತರಿಸಿದ್ದನ್ನು ನಾನು ಆಮೇಲೆ ನೋಡಲಿಲ್ಲ. ಸಭೆಯಲ್ಲಿ ಬಾಯಿಬಿಟ್ಟು ಪ್ರಾರ್ಥಿಸುವುದನ್ನೂ ನಿಲ್ಲಿಸಿದರು. ಪಾಸ್ಟರು ಕರೆದರೆ ಎದ್ದು ನಿಲ್ಲುವುದು, ತಲೆ ಬಗ್ಗಿಸಿ ಸ್ವಲ್ಪ ಹೊತ್ತು ಸುಮ್ಮನಿರುವುದು, ಕೂಡುವುದು. ವಯಸ್ಸಾಯಿತು, ಮರೆವು ಬಂತು ಎಂದರು ಮಂದಿ. ಬೆನ್ನ ಹಿಂದೆ, ಬಾಯಿ ಈಗಾದರೂ ಬುದ್ಧಿ ಕಲಿಯಿತು ಎಂದರು. ಅವರ ಮರೆವು ಎಂಥದ್ದು ಎಂದು ನನಗೆ ಗೊತ್ತಿತ್ತು. ಒಂದೊಂದು ಮನೆಯ ವಿಳಾಸವೂ ಅವರ ನಾಲಿಗೆಯ ತುದಿಯಲ್ಲಿತ್ತು.

ತಿಂಗಳ ಮೊದಲ ಭಾನುವಾರ ನಮ್ಮಲ್ಲಿ ಪ್ರಭು ಭೋಜನ. ಆಗ ದ್ರಾಕ್ಷಾರಸಕ್ಕೆ ಎಲ್ಲರಿಗೂ ಒಂದೇ ಪಾತ್ರೆ. ವೇದಿಕೆಯ ಮುಂದಿನ ಕಟಕಟೆಯ ಬಳಿ ಸಾಲಾಗಿ ಮೊಣಕಾಲೂರಿದರೆ ಪಾಸ್ಟರು ಒಬ್ಬರ ತುಟಿಯಿಂದ ಇನ್ನೊಬ್ಬರ ತುಟಿಗೆ ಪಾತ್ರೆ ಒಯ್ಯುತ್ತಿದ್ದರು, ನಡುವೆ ಬಿಳಿ ಬಟ್ಟೆಯಿಂದ ಅಂಚು ಒರೆಸುತ್ತಿದ್ದರು. ಗಂಡಸರ ಸಾಲು ಬಲಕ್ಕೆ, ಹೆಂಗಸರದು ಎಡಕ್ಕೆ. ಅವ್ವನ ಒತ್ತಾಯಕ್ಕೆ ಅಣ್ಣ ಬಂದಿದ್ದ. ಅವನು ಹೋಗಿ ಮೊಣಕಾಲೂರಿದ. ಅವನ ಎಡಬಲದಲ್ಲಿದ್ದವರು ಏನೋ ಮರೆತವರ ಹಾಗೆ ಎದ್ದು ಹಿಂದಕ್ಕೆ ಬಂದು ಕುಳಿತರು. ದಿನಾ ಬೆಳಗಾದರೆ ಅವನ ಹೆಗಲ ಮೇಲೆ ಕೈ ಹಾಕಿ ಚಹಾ ಕುಡಿಯುತ್ತಿದ್ದವರೇ. ಆ ಉದ್ದದ ಕಟಕಟೆಯ ಮುಂದೆ ಅವನೊಬ್ಬನೇ ಉಳಿದ.

ಹೆಂಗಸರ ಕಡೆಯಿಂದ ಆಯಿ ಎದ್ದರು. ನಡುವಿನ ಹಾದಿ ದಾಟಿ ಗಂಡಸರ ಸಾಲಿಗೆ ಹೋಗಿ ಅವನ ಪಕ್ಕದಲ್ಲಿ ಮೊಣಕಾಲೂರಿದರು. ನಮ್ಮ ಚರ್ಚಿನಲ್ಲಿ ಯಾವ ಹೆಂಗಸೂ ಹಾಗೆ ದಾಟಿರಲಿಲ್ಲ. ಅಣ್ಣ ಕುಡಿದ. ಪಾಸ್ಟರ ಕೈ ಬಟ್ಟೆಯ ಕಡೆ ಹೋಯಿತು. ಅವರು ಒರೆಸುವ ಮುನ್ನವೇ ಆಯಿ ಪಾತ್ರೆಯನ್ನು ಹಿಡಿದು ಕುಡಿದರು.

ಅದನ್ನು ನೋಡಿ ನನಗೆ ಅಳು ಬಂತು. ಅಣ್ಣನಿಗೆ ಬರಲಿಲ್ಲ. ಮನೆಗೆ ಬಂದು ಅಂಗಿ ಬಿಚ್ಚುತ್ತ "ನನ್ನ ಮರ್ಯಾದಿ ಕಳದು ನನ್ನ ಎಂಜಲಾ ಕುಡದ್ರ ಸರಿ ಆಗತೈತೇನು?" ಎಂದ. ಅವನು ಅಂದದ್ದರಲ್ಲಿ ತಪ್ಪಿಲ್ಲ. ಆದರೆ ಆ ಪಾತ್ರೆ ನಾನು ಕುಡಿಯಬೇಕಾಗಿದ್ದದ್ದು. ಮುಂದಿನ ತಿಂಗಳು ಸಭೆಯ ಹಿರಿಯರು ಬೆಳಗಾವಿಯಿಂದ ಔಷಧದ ಅಳತೆಯ ಸಣ್ಣ ಸಣ್ಣ ಗ್ಲಾಸು ತರಿಸಿದರು. ಸ್ವಚ್ಛತೆಯ ಸಲುವಾಗಿ ಎಂದರು. ಇವತ್ತಿಗೂ ಅವೇ ನಡೆಯುತ್ತಿವೆ.

ಗುಳಿಗೆ ಪುಕ್ಕಟೆ ಸಿಗುತ್ತಿದ್ದವು. ಅದಕ್ಕೆ ತಿಂಗಳಿಗೊಮ್ಮೆ ಹೋಗಿ ಒಂದು ಬೆಂಚಿನ ಮೇಲೆ ಕೂಡಬೇಕಿತ್ತು. ಆ ಬೆಂಚಿನ ಮೇಲೆ ಕುಳಿತವರಿಗೆ ಏನಾಗಿದೆ ಎಂದು ಹಾದುಹೋಗುವವರಿಗೆಲ್ಲ ಗೊತ್ತಾಗುತ್ತಿತ್ತು. ತಾವೇ ತಂದುಕೊಡುವುದಾಗಿ ಆಯಿ ಹೇಳಿ ಕಳಿಸಿದರು. ಅಣ್ಣ ಬೇಡವೆಂದ. ಒಂದು ವರ್ಷ ನುಂಗಿ ಬಿಟ್ಟುಬಿಟ್ಟ. ಯಾರಿಗಾಗಿ ಬದುಕಬೇಕಿತ್ತೋ ಅವರು ಹುಕ್ಕೇರಿಯಲ್ಲಿದ್ದರು. ಎರಡು ಸಲ ಹೋಗಿದ್ದ. ಮಗಳನ್ನು ತೋರಿಸಿರಲಿಲ್ಲ. ಮೂರನೇ ವರ್ಷ ಬೇಸಿಗೆಯಲ್ಲಿ ತೀರಿಕೊಂಡ.

ಮೈ ತೊಳೆಯಲು ಯಾರೂ ಮುಂದಾಗಲಿಲ್ಲ. ಆಯಿ ಬಕೆಟ್ಟು, ಸಾಬೂನು, ಹಳೆಯ ಧೋತರದ ತುಂಡು ಹಿಡಿದುಕೊಂಡು ಬಂದರು. ಅವ್ವ ಬಾಗಿಲಿಗೆ ಅಡ್ಡ ನಿಂತಳು. "ನೀವು ನನ್ನ ಮಗನ್ನ ಮುಟ್ಟಬ್ಯಾಡ್ರಿ" ಎಂದಳು. ನಲವತ್ತು ವರ್ಷ ಅಕ್ಕಾ ಅಂದವಳು 'ನೀವು' ಎಂದು ಬಹುವಚನ ಹಚ್ಚಿ ಆಕೆಯನ್ನು ಹೊರಗೆ ಹಾಕಿದಳು. ಮೈ ತೊಳೆದವರು ಅವ್ವ ಮತ್ತು ನಾನು. ಆಯಿ ಬಕೆಟ್ಟನ್ನು ಕೆಳಗಿಟ್ಟು ಬಿಸಿಲಲ್ಲಿ ನಿಂತೇ ಇದ್ದರು. ಪೆಟ್ಟಿಗೆ ಹೊರಟಾಗ ಎಲ್ಲರ ಹಿಂದೆ, ಇಪ್ಪತ್ತು ಹೆಜ್ಜೆ ದೂರದಲ್ಲಿ ನಡೆದು ಬಂದರು. ನಮ್ಮ ಸ್ಮಶಾನದ ನೆಲ ಬರೀ ಕಲ್ಲು. ಹಾರೆಯಿಂದ ಅಗೆದು ಅಗೆದು ಮೊಣಕಾಲುದ್ದ ಆದ ಮೇಲೆ ಸಾಕೆಂದರು. ಆಯಿ ದೂರದಿಂದಲೇ "ಇನ್ನಾ ಸ್ವಲ್ಪ ಇಳಸ್ರೆಪಾ" ಎಂದರು. ಅಂದು ಅವರು ಆಡಿದ್ದು ಅದೊಂದೇ ಮಾತು. ಅಗೆಯುವವರು ಬೈದುಕೊಳ್ಳುತ್ತ ಇನ್ನೊಂದು ಗೇಣು ಇಳಿಸಿದರು.

ಅಲ್ಲಿಂದ ಮುಂದೆ ಹೇಳುವಂಥದ್ದೇನೂ ಇಲ್ಲ. ಸಾಲೆಯಲ್ಲಿ ಕಲಿಸುತ್ತಿದ್ದ ನನಗೆ ಮೂಡಲಗಿಗೆ ವರ್ಗವಾಯಿತು. ಅವ್ವನನ್ನು ಕರೆದುಕೊಂಡು ಬಂದೆ. ಅವ್ವ ಪ್ರತಿದಿನ ಸಂಜೆ ಪ್ರಾರ್ಥನೆಯಲ್ಲಿ ಎಲ್ಲರನ್ನೂ ಕ್ಷಮಿಸಿದ್ದೇನೆ ಎನ್ನುವಳು. ಮುಗಿದ ಮೇಲೆ ನನ್ನ ಕಡೆ ತಿರುಗಿ "ಆಕಿ ಒಬ್ಬಾಕೀನ ಬಿಟ್ಟು" ಎನ್ನುವಳು. ನಾನು ಹೂಂ ಅನ್ನುವೆನು. ಪಾಪ ಅರಿಕೆ ಮಾಡಿಕೊಳ್ಳುವುದು ದೇವರ ಮುಂದೆ ಬಹಳ ಸುಲಭ, ಏಕೆಂದರೆ ಆತ ತಿರುಗಿ ಮಾತಾಡುವುದಿಲ್ಲ. ನಾನು ಹನ್ನೊಂದು ವರ್ಷ ದಿನಾ ರಾತ್ರಿ ಆತನಿಗೆ ಹೇಳಿಕೊಂಡೆ. ಗೋಡೆಯಾಚೆ ಮಲಗಿದ್ದ ಅವ್ವಗೆ ಒಂದು ದಿನವೂ ಹೇಳಲಿಲ್ಲ.

ಕಳೆದ ತಿಂಗಳು ಆಯಿಯ ತಂಗಿಯ ಮಗಳು ಫೋನು ಮಾಡಿದಳು. ಆಕೆಯ ಗಂಡ ಹಿಡಕಲ್ ಡ್ಯಾಮಿನಲ್ಲಿ ನೀರಾವರಿ ಖಾತೆಯ ನೌಕರ. ಆಯಿಯನ್ನು ಕ್ವಾರ್ಟರ್ಸಿನಲ್ಲಿ ಇಟ್ಟುಕೊಂಡಿದ್ದರು. ಎರಡು ಬಸ್ಸು ಬದಲಿಸಿ ಹೋದೆ. ಅಷ್ಟು ಎತ್ತರದ ಹೆಂಗಸು ಹಾಸಿಗೆಯ ಅರ್ಧದಲ್ಲೇ ಮುಗಿದುಹೋಗಿದ್ದರು. ಗುರುತು ಹಿಡಿದರು.

"ಸಾಲಿ ಹೆಂಗ ನಡದೈತಿ?" ಎಂದರು. ಆಮೇಲೆ "ನಿಮ್ಮವ್ವ?"

"ಅದಾಳ್ರಿ. ಮೊಣಕಾಲ ಬ್ಯಾನಿ." ಇಷ್ಟು ಹೇಳಿ ನನಗೆ ತಡೆಯಲಾಗಲಿಲ್ಲ. "ಆಯಿ, ಅವತ್ತ ನೀವು ನನ್ನ ಹೆಸರ ಯಾಕ ಹೇಳಲಿಲ್ಲ?"

"ಒಂದ ಹೆಸರ ಹೇಳಿ ಒಂದ ಮನಿ ಮುರದಿದ್ದೆ. ಇನ್ನೊಂದ ಹೇಳಿ ಉಳದ ಮನೀನೂ ಮುರೀಬೇಕಿತ್ತೇನು?" ಉಸಿರು ಎಳೆದುಕೊಳ್ಳಲು ನಿಂತರು. "ದೇವರ ಮುಂದನೂ ನಿನ್ನ ಹೆಸರ ತಗೊಂಡಿಲ್ಲ. ಅಂಜಿಕಿ ಬಂದ ಬಿಟ್ಟಿತ್ತು."

"ಹಂಗಾರ ನನ್ನ ಸಲುವಾಗಿ ಪ್ರಾರ್ಥನೀನ ಮಾಡಿಲ್ಲೇನ್ರಿ?"

"ಇಲ್ಲ" ಎಂದರು. ಸುಳ್ಳು ಹೇಳಿ ಸಮಾಧಾನ ಮಾಡುವ ಹೆಂಗಸಲ್ಲ. ಸಾಲಿನ ಕೊನೆಯ ಮನೆಯ ಕುಡುಕನನ್ನೂ ಬಿಡದೆ ಬೇಡಿದವರು ಇಷ್ಟು ವರ್ಷ ನನ್ನೊಬ್ಬಳನ್ನು ಬಿಟ್ಟಿದ್ದರು. ನನಗೆ ಬಹಳ ನೋವಾಯಿತು. ನೋವಾಗುವ ಹಕ್ಕು ನನಗಿರಲಿಲ್ಲ ಎನ್ನುವುದು ಬೇರೆ ಮಾತು.

ಹೊರಡುವಾಗ ಕೈ ಹಿಡಿದರು. ಆ ಕೈಯಲ್ಲಿ ಭಾರವೇ ಇರಲಿಲ್ಲ. "ನಿಮ್ಮವ್ವನ್ನ ಒಮ್ಮೆ ಕರಕೊಂಡ ಬಾ. ಮಾತಾಡೂದ ಬ್ಯಾಡ. ಬಾಜೂಕ ಒಂದ ಗಳಿಗಿ ಕುಂತ ಹೋಗಲಿ."

"ಬರೂ ಐತವಾರ ಕರಕೊಂಡ ಬರ್ತೇನ್ರಿ" ಎಂದೆ. ಅವ್ವನನ್ನು ಅಲ್ಲಿಗೆ ಕರೆದೊಯ್ಯಬೇಕಾದರೆ ಮೊದಲು ನಾನು ಬಾಯಿಬಿಡಬೇಕು. ವಾರವಿಡೀ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡೆ. ಭಾನುವಾರ ಬಂದಾಗ ಪರೀಕ್ಷೆಯ ಪೇಪರು ಇಟ್ಟುಕೊಂಡು ಕುಳಿತೆ. ಎರಡು ಬಸ್ಸು ಬದಲಿಸುವುದು ಅವ್ವನ ಮೊಣಕಾಲಿಗೆ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಬುಧವಾರ ಫೋನು ಬಂತು.

ಆಯಿಯನ್ನು ಗೋಕಾಕ ಫಾಲ್ಸಿಗೆ ತಂದು ಮಣ್ಣು ಮಾಡಿದರು. ಇಪ್ಪತ್ತು ಜನ ಇದ್ದೆವೋ ಇಲ್ಲವೋ. ಯಾರಾದರೂ ಎರಡು ಮಾತಾಡುವಿರಾ ಎಂದು ಹೊಸ ಪಾಸ್ಟರು ಕೇಳಿದಾಗ ಎಲ್ಲರೂ ನೆಲ ನೋಡಿದರು. ನಾನು ಎದ್ದು, ಆಯಿ ರೋಗಿಗಳ ಸೇವೆ ಮಾಡಿದವರು, ಒಳ್ಳೆಯವರು ಎಂದು ಹೇಳಿ ಕುಳಿತೆ. ಸಾಲೆಯ ಬೀಳ್ಕೊಡುವ ಸಮಾರಂಭಗಳಲ್ಲಿ ಆಡುವ ಮಾತು. ಅವರನ್ನು ಹೂಳಿದ ಮೇಲೂ ನನ್ನ ನಾಲಿಗೆಯನ್ನು ಮರ್ಯಾದೆಯ ಭಯ ಬಿಟ್ಟಿರಲಿಲ್ಲ.

ಮೂಡಲಗಿಗೆ ಬಂದಾಗ ಅವ್ವ ಮಂಚದ ಮೇಲೆ ಕುಳಿತು ಮೆಂತೆಪಲ್ಲೆ ಸೋಸುತ್ತಿದ್ದಳು. "ಮಂದಿ ಬಂದಿದ್ರೇನು?" ಎಂದು ಕೇಳಿದಳು. ನಾನು ಚಪ್ಪಲಿಯನ್ನೂ ಬಿಚ್ಚದೆ ನಿಂತಲ್ಲೇ ಹೇಳಿದೆ. ಕಾಗದ ಅಣ್ಣ ನನಗೆ ತೋರಿಸಿದ್ದು, ಮೂರನೇ ದಿನ ನಾನು ಆಯಿಗೆ ಹೇಳಿದ್ದು, ಎಂಟು ದಿನದ ಮಾತು ನುಂಗಿದ್ದು, ರೊಟ್ಟಿ ಬಡಿಯುತ್ತ ಸುಮ್ಮನಿದ್ದದ್ದು. ಬೈದಾಳು, ಹೊಡೆದಾಳು ಎಂದು ಕಾಯುತ್ತಿದ್ದೆ. ಹೊಡೆದಿದ್ದರೆ ಒಳ್ಳೆಯದಿತ್ತು. ಅವ್ವ ಕೈಯಲ್ಲಿದ್ದ ಕಟ್ಟು ಮುಗಿಯುವವರೆಗೂ ಮೆಂತೆ ಸೋಸಿದಳು.

"ಆಕಿ ನನ್ನ ಕೇಳಿದ್ಲೇನು?" ಎಂದಳು ಕೊನೆಗೆ.

"ಹೂಂ. ಒಮ್ಮೆ ಕರಕೊಂಡ ಬಾ ಅಂದಿದ್ರು. ಬಾಜೂಕ ಕುಂತ ಹೋಗಲಿ ಅಂತ."

"ಯಾವಾಗ?"

"ಹತ್ತ ದಿನಾ ಆತು." ಅವ್ವನ ಮುಖ ನೋಡಲಾಗದೆ, "ನಿನ್ನ ಮೊಣಕಾಲು, ಎರಡ ಬಸ್ಸು..." ಎಂದು ಶುರು ಮಾಡಿದೆ.

"ನನ್ನ ಮೊಣಕಾಲಿಗೇನಾಗಿತ್ತು?" ಎಂದಳು ಅವ್ವ. "ಜಾಗಾ ಸಿಗದಿದ್ರ ನಿಂತಕೊಂಡರ ಹೋಗತಿದ್ದೆ."